ನೀಲತ್ತೆಯ ಕೊಲಂಬೊ ತಯಾರಿ

ಮೊನ್ನೆ ತವರುಮನೆಯ ಅಟ್ಟ ಸ್ವಚ್ಛ ಮಾಡುವಾಗ ಹಳೆಯ ಕೌದಿಗಳ ಗಂಟಿನ ಹಿಂದಿನಿಂದ ಒಂದು ನೀಲಿ ರೆಕ್ಸಿನ್ ಚೀಲ ಉರುಳಿ ಬಿತ್ತು. ಅದರ ಮೇಲೆ ಬಿಳಿ ಬಣ್ಣದಲ್ಲಿ ವಿಮಾನದ ಚಿತ್ರ. ಮಗಳು ಅದನ್ನೆತ್ತಿ ಧೂಳು ಕೊಡವಿ, "ಅವ್ವಾ, ಎಷ್ಟ ಚಂದ ಐತಿ ನೋಡ ಇದು! ಹಳೇ ಕಾಲದ್ದು. ನಾ ಒಯ್ತೇನಿ" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. "ಒಯ್ದು ತಿಪ್ಪಿಗೆ ಒಗಿ ಅದನ್ನ" ಎಂದು ಕೂಗಿಬಿಟ್ಟೆ. ಮಗಳು ನನ್ನ ರಕ್ತದೊತ್ತಡದ ಗುಳಿಗೆ ಹುಡುಕಲು ಹೋದಳು.

ಚೀಲದ ಮೇಲೆ ಸಿಟ್ಟು ಮಾಡುವವರನ್ನು ನೀವು ನೋಡಿರಲಿಕ್ಕಿಲ್ಲ. ಈಗ ನೋಡಿಕೊಳ್ಳಿ. ಕರೆಂಟು ಹೋದರೆ, ಬಸ್ಸು ತಡವಾದರೆ, ಹಾಲಿನವನು ನೀರು ಬೆರೆಸಿದರೆ ನನಗೆ ಸಿಟ್ಟು ಬರುತ್ತದೆ, ಒಂದು ಕಪ್ಪು ಚಹ ಕುಡಿದರೆ ಇಳಿದೂ ಹೋಗುತ್ತದೆ. ಈ ಚೀಲದ ಸಿಟ್ಟು ಹಾಗಲ್ಲ. ಇದು ನಾನು ಹತ್ತನೆಯ ಇಯತ್ತೆಯಲ್ಲಿದ್ದಾಗ ಶುರುವಾದದ್ದು. ನನಗೆ ಈಗ ಕೂದಲು ಬೆಳ್ಳಗಾಗಿವೆ, ಮೊಣಕಾಲು ಸವೆದಿವೆ, ಸಿಟ್ಟು ಮಾತ್ರ ಗಟ್ಟಿಮುಟ್ಟಾಗಿದೆ.

ಆ ಚೀಲ ಅಪ್ಪ ತನ್ನ ತಂಗಿಗೆಂದು ಬಾಗಲಕೋಟೆಯಿಂದ ತಂದದ್ದು. ವಿಮಾನದಲ್ಲಿ ಹೋಗುವವರು ಟ್ರಂಕು ಒಯ್ಯಬಾರದೆಂದು ಯಾರೋ ಹೇಳಿದ್ದರಂತೆ. ಟಿಕೆಟ್ಟಿಲ್ಲ, ದಿನ ಗೊತ್ತಿಲ್ಲ, ಪಾಸ್‌ಪೋರ್ಟಿಗೆ ಫೋಟೋ ಸಹ ತೆಗೆಸಿರಲಿಲ್ಲ. ಚೀಲ ಮಾತ್ರ ಬಂದುಬಿಟ್ಟಿತು. ನಮ್ಮ ಮನೆಯವರ ತಯಾರಿಯೇ ಹಾಗೆ.

ಅಪ್ಪನ ತಂಗಿ ಎಂದರೆ ನೀಲವ್ವ, ನನ್ನ ನೀಲತ್ತೆ. ಮದುವೆಯಾದ ವರ್ಷದೊಳಗೇ ಗಂಡನನ್ನು ಕಳೆದುಕೊಂಡು ಇಳಕಲ್ಲಿಗೆ ತಿರುಗಿ ಬಂದವಳು. ಬಂಧು ಬಳಗದವರು ಅವಳನ್ನು ಅಡಿಗೆಮನೆಯ ಮೂಲೆಗೆ ಕೂಡಿಸಲು ಸಿದ್ಧರಾಗಿದ್ದಾಗ ಅಪ್ಪನೇ ಎದ್ದು ನಿಂತು, "ನನ್ನ ತಂಗಿ ಸಾಲಿ ಕಲೀತಾಳ, ಯಾರ್ ಏನ್ ಮಾಡ್ತೀರಿ ಮಾಡ್ರಿ" ಎಂದು ಅವಳನ್ನು ಮಿರಜಕ್ಕೆ ನರ್ಸ್ ತರಬೇತಿಗೆ ಕಳಿಸಿದನಂತೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಕೇಳಿ ನೀವು ಅಪ್ಪನನ್ನು ದುಷ್ಟನೆಂದುಕೊಳ್ಳುತ್ತೀರಿ. ದುಷ್ಟನಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು!

ಮಿರಜದ ಹಾಸ್ಟೆಲಿನಲ್ಲಿ ಅತ್ತೆಯ ಕೋಣೆಯಲ್ಲಿದ್ದವಳು ಪುಷ್ಪಾ ಎಂಬ ತಮಿಳು ಹುಡುಗಿ. ಅತ್ತೆಗೆ ತಮಿಳು ಬಾರದು, ಅವಳಿಗೆ ಕನ್ನಡ ಬಾರದು, ಇಬ್ಬರಿಗೂ ಮರಾಠಿ ಬಾರದು. ಮೂರು ವರ್ಷ ಮುಗಿಯುವುದರೊಳಗೆ ಪುಷ್ಪಾ ಅಪ್ಪಟ ಇಳಕಲ್ಲಿನ ಕನ್ನಡ ಮಾತಾಡುತ್ತಿದ್ದಳು. ಆಮೇಲೆ ಅತ್ತೆ ಹುನಗುಂದದ ಸರ್ಕಾರಿ ದವಾಖಾನೆಗೆ ನರ್ಸಾಗಿ ಬಂದಳು. ಪುಷ್ಪಾ ಕೊಲಂಬೊದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಒಬ್ಬ ತಮಿಳರವನನ್ನು ಮದುವೆಯಾಗಿ ಸಮುದ್ರ ದಾಟಿದಳು. ಅವರ ಪತ್ರ ವ್ಯವಹಾರ ಮಾತ್ರ ನಿಲ್ಲಲಿಲ್ಲ. ಪುಷ್ಪಾಳ ಬಸಿರು ಮತ್ತೆ ಮತ್ತೆ ಇಳಿದುಹೋಗುತ್ತಿತ್ತು ಎಂಬುದು ನನಗೂ ಗೊತ್ತಿತ್ತು. ಅಂಥ ಪತ್ರ ಬಂದ ದಿನ ಅತ್ತೆ ಊಟ ಮಾಡುತ್ತಿರಲಿಲ್ಲ.

ಎಂಬತ್ತರ ದೀಪಾವಳಿ ಮುಗಿದ ಮೇಲೆ ಅತ್ತೆ ಹುನಗುಂದದ ಬಸ್ಸಿಳಿದು ಓಡುತ್ತಲೇ ಮನೆಗೆ ಬಂದಳು. ಪುಷ್ಪಾಳಿಗೆ ಈ ಸಲ ಬಸಿರು ನಿಂತಿತ್ತು, ಬೇಸಿಗೆಯಲ್ಲಿ ಹೆರಿಗೆ. ಅಲ್ಲಿ ಬೇಕಾದಷ್ಟು ಡಾಕ್ಟರು ನರ್ಸುಗಳಿದ್ದರೂ ಅವಳಿಗೆ ಬೇಕಾದದ್ದು ನೀಲವ್ವ. "ಎಷ್ಟ ಮಂದಿ ಕೂಸ ನಿನ್ನ ಕೈಯಾಗ ಹುಟ್ಯಾವು. ನನ್ನ ಕೂಸಿಗೆ ಮಾತ್ರ ನೀ ಬರೂದಿಲ್ಲೇನು" ಎಂದು ಬರೆದಿದ್ದಳಂತೆ.

"ಅಣ್ಣಾ, ನಾ ಹೋಗಲೇನು?" ಎಂದು ಅತ್ತೆ ಕೇಳಿದಳು.

"ಕೇಳೂದೇನೈತಿ? ಹೋಗಾಕ ಬೇಕು" ಎಂದ ಅಪ್ಪ.

ನಾನು ಕುಣಿದೆ. ಶಾಲೆಯ ಭೂಪಟದ ಪುಸ್ತಕ ತಂದು ಎಲ್ಲರ ಮುಂದೆ ಹರವಿದೆ. ಲಂಕೆ ನನ್ನ ಹೆಬ್ಬೆರಳಿನ ಉಗುರಿನಷ್ಟಿತ್ತು. ಮದ್ರಾಸಿಗೂ ಅದಕ್ಕೂ ನಡುವೆ ಇಷ್ಟೇ ಇಷ್ಟು ನೀಲಿ. ವಿಮಾನ ಏರಿದರೆ ಒಂದು ತಾಸಿನ ಸುಮಾರಿಗೆ ಇಳಿಸುತ್ತದೆಂದು ನಮ್ಮ ಭೂಗೋಳದ ಮಾಸ್ತರರು ಹೇಳಿದರು. ಆಗ ಇಳಕಲ್ಲಿನಿಂದ ಬಾಗಲಕೋಟೆಗೆ ಹೋಗುವ ಬಸ್ಸು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿತ್ತು, ಅದೂ ಅಮೀನಗಡದಲ್ಲಿ ಡ್ರೈವರು ಚಹಕ್ಕೆ ಇಳಿಯದಿದ್ದರೆ. ನಾನು ಅತ್ತೆಗೆ ಇಂಗ್ಲಿಷು ಕಲಿಸಲು ಹೊರಟೆ. ಮಿರಜದಲ್ಲಿ ಗೋರಾ ಡಾಕ್ಟರರ ಕೈಕೆಳಗೆ ಕಲಿತವಳಿಗೆ ನಾನು "ವಾಟ್ ಈಸ್ ಯುವರ್ ನೇಮ್" ಹೇಳಿಕೊಟ್ಟೆ. ಪಾಪ, ನಗದೆ ಹೇಳಿಸಿಕೊಂಡಳು.

ಅಪ್ಪ ಸೀರೆ ವ್ಯಾಪಾರಿ. ಅಂಗಡಿಯಲ್ಲಿ ಗಿರಾಕಿ ಕೆಂಪು ಸೀರೆ ಕೇಳಿದರೆ ಕೆಂಪಿನ ಎಲ್ಲ ಬಗೆಯನ್ನೂ ಹಾಸಿ, ಚಹ ತರಿಸಿ, ಮನೆಯವರ ಕ್ಷೇಮ ವಿಚಾರಿಸಿ, ಗಿರಾಕಿಗೆ ತಾನು ಬಂದದ್ದೇಕೆ ಎಂಬುದು ಮರೆಯುವಂತೆ ಮಾಡುತ್ತಿದ್ದ. ಕೊಲಂಬೊವನ್ನೂ ಹಾಗೆಯೇ ಹಾಸಿದ. ಬಾಗಲಕೋಟೆಯಲ್ಲಿ ವಕೀಲಿಕೆ ಮಾಡುವ ತನ್ನ ತಮ್ಮ, ನನ್ನ ಕಾಕಾನನ್ನು ಕರೆಸಿದ. ನಡುಮನೆಯಲ್ಲಿ ಜಮಖಾನೆ ಬಿತ್ತು, ಚುರುಮುರಿ ಬಂತು.

"ಒಬ್ಬ ಹೆಣ್ಣಮಗಳು ಪರದೇಶಕ್ಕ ಹೋಗೂದಂದ್ರ ಜೋಡಿ ಗಂಡಸರು ಬೇಕು" ಎಂದ ಕಾಕಾ.

"ನಾ ಅದೇನಲ್ಲ, ಜೋಡಿ ನಾ ಹೋಗ್ತೇನಿ" ಎಂದ ಅಪ್ಪ.

"ವಿಮಾನ ಬಿದ್ದರ?"

"ಬಿದ್ದರ ಅಣ್ಣ ಜೋಡಿ ಇದ್ದು ಏನ್ ಹಿಡೀತಾನು?" ಎಂದಳು ಅತ್ತೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಈ ಕಾಕಾನದು ಒಂದು ಮಾತು ಹೇಳಲೇಬೇಕು. ಕೃಷ್ಣೆಯ ಅಣೆಕಟ್ಟು ಮುಗಿದರೆ ಬಾಗಲಕೋಟೆಯ ಅರ್ಧ ಊರು, ಅದರೊಳಗೆ ಅವನ ಮನೆಯೂ ಸೇರಿ, ನೀರೊಳಗೆ ಹೋಗುತ್ತದೆಂದು ಆಗಲೇ ಎಲ್ಲರೂ ಮಾತಾಡುತ್ತಿದ್ದರು. ಕಾಕಾ ಆ ಮನೆಗೆ ಹೊಸ ಬಣ್ಣ ಹೊಡೆಸುತ್ತಿದ್ದ. ಅಂಥವನು ನಮ್ಮ ಜಮಖಾನೆಯ ಮೇಲೆ ಕೂತು, ಅತ್ತೆ ಸಮುದ್ರದಲ್ಲಿ ಮುಳುಗಿಬಿಡುತ್ತಾಳೆಂದು ಬೆವರು ಒರೆಸಿಕೊಳ್ಳುತ್ತಿದ್ದ.

ಅತ್ತೆ ತನ್ನ ಇಲಾಖೆಯ ಅನುಮತಿ ತಾನೇ ತಂದಳು. ಪಾಸ್‌ಪೋರ್ಟೂ ಬಂತು. ಅಪ್ಪನದು ಬರಲಿಲ್ಲ, ಯಾಕೆಂದರೆ ಅಪ್ಪ ಹುಟ್ಟಿದ್ದು ಯಾವಾಗ ಎಂದು ಅಪ್ಪನಿಗೇ ಗೊತ್ತಿರಲಿಲ್ಲ. ಅಜ್ಜಿಯನ್ನು ಕೇಳಿದರೆ, "ಕೆಂಪ ಆಕಳಾ ಈದಿತ್ತಲ್ಲ, ಆ ಸುಗ್ಗಿಯೊಳಗ" ಎಂದಳು. ಶಾಲೆಯ ದಾಖಲೆಯಲ್ಲಿ ಮಾಸ್ತರರು ಬರೆದಿದ್ದ ತಾರೀಖಿನ ಪ್ರಕಾರ ಅಪ್ಪ ತಂಗಿಗಿಂತ ಚಿಕ್ಕವನಾಗಿದ್ದ. ಇದನ್ನು ಸರಿಪಡಿಸಲು ಅಪ್ಪ ಊರೂರು ತಿರುಗಿದ. ಆ ದಿನಗಳಲ್ಲಿ ಅವನಿಗೆ ಎಂಥ ಉತ್ಸಾಹ! ಕೆರೂರಿನ ಸಂತೆಯಲ್ಲಿ ಸಿಕ್ಕವರಿಗೂ "ಲಂಕಾಕ ಹೊಂಟೇವಿ" ಎಂದು ಹೇಳಿ ಬರುತ್ತಿದ್ದ.

"ಅಣ್ಣಾ, ನನ್ನ ಪಾಸ್‌ಪೋರ್ಟ್ ಬಂದೈತಿ. ನಾ ಮುಂದ ಹೋಗಿರ್ತೇನಿ, ನೀ ಹಿಂದಿಂದ ಬಾ" ಎಂದು ಅತ್ತೆ ಕೇಳಿಕೊಂಡಳು.

"ಇನ್ನೇನ ಬಂತವ್ವ ನಂದೂ. ಅವಸರ ಯಾಕ? ಇಬ್ರೂ ಕೂಡೇ ಹೋಗೂಣು" ಎಂದ ಅಪ್ಪ.

ಅವ್ವ ಕಡಕ್ ರೊಟ್ಟಿ ಬಡಿದಳು. ಆ ದೇಶದಲ್ಲಿ ನೀರಿಗೂ ಮೀನಿನ ವಾಸನೆಯೆಂದು ಅವಳ ನಂಬಿಕೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಮೀನಗಡದ ಕರದಂಟು ಎಲ್ಲ ಸೇರಿ ನೀಲಿ ಚೀಲದ ಹೊಟ್ಟೆ ಉಬ್ಬಿತು. ಒಂದು ಮಧ್ಯಾಹ್ನ ತಂತಿ ಬಂತು. ಪುಷ್ಪಾಳಿಗೆ ಹೆಣ್ಣು ಹುಟ್ಟಿತ್ತು, ಇಬ್ಬರೂ ಕ್ಷೇಮ. ಅಪ್ಪ ಸಕ್ಕರೆ ಹಂಚಿದ, ತಾನೇ ಹೆರಿಗೆ ಮಾಡಿಸಿ ಬಂದವನಂತೆ. ಅತ್ತೆ ತಂತಿಯನ್ನು ಓದಿ ನನ್ನ ಕೈಗೆ ಕೊಟ್ಟು, ಹುನಗುಂದದ ಬಸ್ಸು ಹಿಡಿದು ಡ್ಯೂಟಿಗೆ ಹೋದಳು. ಆ ರೊಟ್ಟಿಗಳನ್ನು ನಾವೇ ತಿಂದೆವು. ನಾನೂ ತಿಂದೆ. ರುಚಿಯಾಗಿದ್ದವು.

ಕೂಸಿನ ಮೊದಲ ಹುಟ್ಟುಹಬ್ಬಕ್ಕೆ ಹೋಗುವುದೆಂದು ಆಯಿತು. ಈಗ ಅಪ್ಪನಿಗೂ ಪಾಸ್‌ಪೋರ್ಟ್ ಬಂದಿತ್ತು. ಆದರೆ ಅಪ್ಪ ಹೊರಟರೆ ಅವ್ವ ಬೇಡವೇ? ಅವ್ವ ಹೊರಟರೆ ಕಾಕಾ ಬಿಟ್ಟಾನೇ? ಕಾಕಾ ಹೊಸ ಬೆಳಕು ತಂದ: ವಿಮಾನ ಯಾಕೆ, ರಾಮೇಶ್ವರದಿಂದ ಹಡಗಿದೆ, ಯಾತ್ರೆಯೂ ಆಗುತ್ತದೆ, ಬರುವಾಗ ಮದುರೆ, ಕನ್ಯಾಕುಮಾರಿ! ಅತ್ತೆ ತನ್ನ ಗೆಳತಿಯ ಮನೆಗೆ ಹೋಗಬೇಕೆಂದಿದ್ದಳು. ಈಗ ಅದು ಒಂದು ಬಸ್ಸು ತುಂಬುವ ದಕ್ಷಿಣ ಭಾರತ ಪ್ರವಾಸವಾಗಿತ್ತು, ಅದರ ಬಾಲದಲ್ಲಿ ಎಲ್ಲೋ ಪುಷ್ಪಾ ಇದ್ದಳು. ಹಡಗೋ ವಿಮಾನವೋ ಎಂದು ತೀರ್ಮಾನವಾಗುವುದರೊಳಗೆ ಮದುವೆಯ ಸುಗ್ಗಿ ಬಂತು, ಅಪ್ಪ ಅಂಗಡಿ ಬಿಡುವಂತಿರಲಿಲ್ಲ. ರೊಟ್ಟಿ ಎರಡನೆಯ ಸಲ ನಮ್ಮ ಹೊಟ್ಟೆ ಸೇರಿತು.

ಪುಷ್ಪಾ ಪತ್ರ ಬರೆಯುತ್ತಲೇ ಇದ್ದಳು. ನೀಲಾಳಿಗೆಂದು ಮಾಳಿಗೆಯ ಮೇಲೆ ಒಂದು ಕೋಣೆ ಮಾಡಿಸಿದ್ದಳು. ಕಿಟಕಿ ತೆಗೆದರೆ ತೆಂಗಿನ ಮರ, ಅದರಾಚೆ ಸಮುದ್ರ. ಸಮುದ್ರವನ್ನು ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ. ನಾವು ನೋಡಿದ ದೊಡ್ಡ ನೀರೆಂದರೆ ಚೊಳಚಗುಡ್ಡದ ಬನಶಂಕರಿಯ ಹೊಂಡ. ಅತ್ತೆ ಆ ಪತ್ರ ಓದಿದ ಮೇಲೆ ಕೂಸಿನ ಎರಡನೆಯ ಹುಟ್ಟುಹಬ್ಬಕ್ಕೆ ಮುಂಚೆ ಒಂದು ದಿನ ಬಂದು, ನಿಂತುಕೊಂಡೇ ಹೇಳಿದಳು:

"ಅಣ್ಣಾ, ನಾ ಒಬ್ಬಾಕಿನ ಹೋಗಿ ಬರ್ತೇನಿ. ರಜಾ ಹಾಕೇನಿ."

ಅಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅತ್ತೆ ಅಂದೇ ಹೊರಡುತ್ತಿದ್ದಳು, ನನಗೆ ಖಾತ್ರಿಯಿದೆ. ಅಪ್ಪನ ಕಣ್ಣು ತುಂಬಿ ಬಂದವು. "ನಾ ಇನ್ನೂ ಜೀವಂತ ಅದೇನಿ ನೀಲವ್ವ. ನಾ ಇರೂತನಕ ನೀ ಒಬ್ಬಾಕಿ ಸಮುದ್ರ ದಾಟಿದ್ರ ಮಂದಿ ನನಗೇನಂತಾರ? ಶ್ರಾವಣ ಬರಲಿ, ಅಂಗಡಿ ಕೆಲಸ ಕಡಿಮಿ ಆಗ್ತೈತಿ. ನಾನ ಟಿಕೆಟ್ ತಗಸ್ತೇನಿ. ನಮ್ಮಪ್ಪನಾಣಿ."

ಮಿರಜಕ್ಕೆ ಕಳಿಸಿದ ಅಣ್ಣನ ಕಣ್ಣೀರನ್ನು ಅತ್ತೆ ಹೇಗೆ ದಾಟುತ್ತಾಳೆ? ರಜೆ ರದ್ದು ಮಾಡಿಸಿದಳು. ಅಪ್ಪ ಈ ಸಲ ಮಾತಿಗೆ ತಪ್ಪಲಿಲ್ಲ, ಆಗಸ್ಟಿನಲ್ಲಿ ಮದ್ರಾಸಿನಿಂದ ಹೊರಡುವ ವಿಮಾನಕ್ಕೆ ಎರಡು ಟಿಕೆಟ್ ತೆಗೆಸಿಯೇಬಿಟ್ಟ. ಅಂಗಡಿಗೆ ಬಂದವರಿಗೆಲ್ಲ ತೆಗೆದು ತೋರಿಸಿದ.

ಎಂಬತ್ತಮೂರರ ಜುಲೈ ಕೊನೆಯಲ್ಲಿ ಬೆಳಗಿನ ವಾರ್ತೆ ಕೇಳುತ್ತ ಅಪ್ಪ ಚಹದ ಬಟ್ಟಲು ಕೆಳಗಿಟ್ಟ. ಕೊಲಂಬೊದಲ್ಲಿ ತಮಿಳರ ಮನೆ, ಅಂಗಡಿಗಳನ್ನು ಸುಡುತ್ತಿದ್ದರು. ನಾನು ಅಂದೇ ಹುನಗುಂದಕ್ಕೆ ಹೋದೆ. ಅತ್ತೆ ಯಾವುದೋ ಹೆಂಗಸಿನ ಹೆರಿಗೆಯಲ್ಲಿದ್ದಳು. ಮುಗಿಸಿಕೊಂಡು, ಕೈ ತೊಳೆದು, ಹೊರಗೆ ಬಂದು, "ಕೇಳಿದೆ" ಎಂದಳು, ಅಷ್ಟೇ. ಆಮೇಲೆ ದಿನವೂ ಟಪಾಲಿನವನನ್ನು ಕಾಯುವುದು. ತಂತಿ ಕಳಿಸಿದರೆ ಉತ್ತರವಿಲ್ಲ. ಅಪ್ಪ, ಅತ್ತೆ ಏರಬೇಕಾಗಿದ್ದ ವಿಮಾನದ ದಿನ ಬಂತು, ಹೋಯಿತು. ಅಪ್ಪ ಆ ದಿನ ನನ್ನೆದುರಿಗೇ ಅವ್ವನಿಗೆ ಹೇಳಿದ: "ದೇವರು ದೊಡ್ಡಾಂವ. ಮೊದಲ ಹೋಗಿದ್ರ ನೀಲವ್ವ ಅಲ್ಲಿ ಸಿಕ್ಕೊಂಡಿರ್ತಿದ್ಲು. ತಡಾ ಆದದ್ದ ಚಲೋ ಆತು."

ನನಗೆ ಹದಿನೆಂಟು. ಅಪ್ಪನ ಮೇಲೆ ಕೈಯಲ್ಲಿದ್ದ ತಂಬಿಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ, ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿಗೆ ಕುಕ್ಕಿದೆ. ತಂಬಿಗೆ ಸೊಟ್ಟಾಯಿತು. ಅವ್ವ ಅದಕ್ಕೆ ಬೈದಳು.

ಗಣೇಶನ ಹಬ್ಬದ ಸುಮಾರಿಗೆ ಮದ್ರಾಸಿನಿಂದ ಕಾರ್ಡು ಬಂತು. ಮನೆ, ಅಂಗಡಿ ಸುಟ್ಟುಹೋಗಿದ್ದವು, ಆದರೆ ಪುಷ್ಪಾ, ಗಂಡ, ಮಗಳು ಮೂವರೂ ಬದುಕಿದ್ದರು. ಹಡಗಿನಲ್ಲಿ ಬಂದು ಅವಳ ತಮ್ಮನ ಮನೆಯಲ್ಲಿ ಇಳಿದಿದ್ದರು. ಅತ್ತೆ ಅದನ್ನು ಹಿಡಿದುಕೊಂಡು ಇಳಕಲ್ಲಿಗೆ ಬಂದಳು. ಅಪ್ಪನಿಗೆ ನಿಜವಾಗಿ ಸಂತೋಷವಾಯಿತು, ಅದನ್ನು ಸುಳ್ಳೆನ್ನಲಾರೆ. ಆಮೇಲೆ ಅವನು ಮಾಡಿದ್ದೇನು ಗೊತ್ತೇ? ಜಮಖಾನೆ ಹಾಸಲು ಹೇಳಿದ.

"ಮದ್ರಾಸಂದ್ರ ಸಣ್ಣ ಊರಲ್ಲ. ಬಾ ಕುಂದರು ನೀಲವ್ವ. ಯಾವ ಗಾಡಿ, ಯಾರ್ ಯಾರ್ ಹೋಗೂದು, ಎಲ್ಲಾ ವಿಚಾರ ಮಾಡೂಣು. ಬಾಗಲಕೋಟಿಯಿಂದ ತಮ್ಮನ್ನೂ ಕರಸ್ತೇನಿ."

ಅತ್ತೆ ಕೂಡಲಿಲ್ಲ. ಅವಳ ದನಿ ಏರಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ನೀ ಒಮ್ಮೆ ಬ್ಯಾಡ ಅಂದಿದ್ರ ನಾ ಜಗಳಾ ಮಾಡಿ ಹೋಗಿರ್ತಿದ್ದೆ ಅಣ್ಣಾ! ಬ್ಯಾಡ ಅನ್ನಲಿಲ್ಲ ನೀ. ಚೀಲಾ ತಂದಿ, ರೊಟ್ಟಿ ಮಾಡಿಸಿದಿ, ಕಣ್ಣಾಗ ನೀರ ತಂದಿ. ಆಕಿ ಹಡಿಯೂಮುಂದ ನಾ ಇರಲಿಲ್ಲ. ಕೂಸ ನಡಿಯಾಕ ಕಲೀತು, ನಾ ಇರಲಿಲ್ಲ. ಮನಿ ಸುಟ್ರು. ಇನ್ನ ಏನ್ ವಿಚಾರ ಮಾಡಾಂವ ಅದಿ?"

ಅತ್ತೆ ಹೊಸ್ತಿಲು ದಾಟಿದಳು. ನಾನು ಚಪ್ಪಲಿ ಹುಡುಕಿ, ಅವಳ ಹಿಂದೆ ಓಡಿದೆ. ಬಸ್ ಸ್ಟ್ಯಾಂಡಿನಲ್ಲಿ ಅವಳು ನನ್ನನ್ನು ನೋಡಿ, "ನೀ ಯಾಕ ಬಂದಿ?" ಎಂದಳು. "ಸುಮ್ನ" ಎಂದೆ. ಹೊಸಪೇಟೆಯ ಬಸ್ಸು ಹತ್ತಿದೆವು, ಗುಂತಕಲ್ಲಿನಲ್ಲಿ ರೈಲು ಹಿಡಿದೆವು. ಮೈಮೇಲಿನ ಸೀರೆಯೊಂದಿಗೆ ಅತ್ತೆ, ಕಾಲೇಜಿನ ಲಂಗ ದಾವಣಿಯಲ್ಲಿ ನಾನು. ಯಾವ ಅಡಚಣೆಯೂ ಆಗಲಿಲ್ಲ. ಕಿಟಕಿಯಲ್ಲಿ ಕೂತು ನಾನು ಸಿಟ್ಟಿನಿಂದ ಸ್ಟೇಷನ್ನುಗಳನ್ನು ಎಣಿಸಿದೆ. ಇಷ್ಟೇ ಆಗಿತ್ತೇ? ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು?

ಮದ್ರಾಸಿನಲ್ಲಿ ಓಣಿ ಹುಡುಕಿ ಬಾಗಿಲು ಬಡಿದಾಗ ತೆರೆದವಳು ಪುಷ್ಪಾಳೇ. ನಾನು ಫೋಟೋದಲ್ಲಿ ನೋಡಿದ ದುಂಡು ಮುಖ ಇರಲಿಲ್ಲ. ಅಪ್ಪಿಕೊಳ್ಳುತ್ತಾರೆ, ಅಳುತ್ತಾರೆ ಎಂದುಕೊಂಡಿದ್ದೆ. ಪುಷ್ಪಾ ಬಾಗಿಲಿಗೆ ಅಡ್ಡ ನಿಂತು ನಮ್ಮ ಇಳಕಲ್ಲಿನ ಕನ್ನಡದಲ್ಲಿ ಬೈಯತೊಡಗಿದಳು.

"ಈಗ ಬಂದೇನ? ಕರದು ಕರದು ನನ್ನ ಬಾಯಿ ಒಣಗಿತು. ಒಂದ ತಾಸಿನ ಹಾದಿ ನೀಲಾ! ನನ್ನ ಗಂಡ ನಗತಿದ್ದ, ನಿನ್ನ ಗೆಳತಿ ಬರೇ ಕಾಗದದಾಗ ಅದಾಳ ಅಂತ. ಆ ಕೋಣ್ಯಾಗ ಒಂದ ದಿನಾನೂ ಯಾರೂ ಮಲಗಲಿಲ್ಲ. ಹಂಗ ಹೋತು. ಯಾಕ ಬರಲಿಲ್ಲ ನೀ?"

ನಾನು ತಡೆಯದೆ, "ಅತ್ತೀದೇನ ತಪ್ಪಿಲ್ರಿ, ನಮ್ಮಪ್ಪ..." ಎಂದು ಶುರುಮಾಡಿದೆ. ಅತ್ತೆ ನನ್ನ ಮುಂಗೈ ಹಿಡಿದು ಅದುಮಿದಳು.

"ಬರಬೇಕಿತ್ತು ಪುಷ್ಪಾ. ಬರಲಿಲ್ಲ" ಎಂದಳು.

ಅಣ್ಣನ ಹೆಸರೆತ್ತಲಿಲ್ಲ. ಪುಷ್ಪಾ ಬೈದು ಬೈದು ದಣಿದು ಹೊಸ್ತಿಲ ಮೇಲೆ ಕೂತಳು. ಅತ್ತೆ ಅವಳ ಪಕ್ಕದಲ್ಲಿ ಕೂತಳು. ಇಬ್ಬರ ನಡುವಿನ ಸಂದಿಯಲ್ಲಿ ಮೀನಾ ಎಂಬ ಆ ಮಗು ತಲೆ ತೂರಿಸಿ ಹೊಸಬರನ್ನು ನೋಡಿತು. ಒಳಗೆ ಯಾರೋ ಸ್ಟವ್ ಹಚ್ಚಲು ಕಡ್ಡಿ ಗೀರಿದರು. ಮಗು ಕಿಟಾರನೆ ಕಿರುಚಿ ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು. ಕಡ್ಡಿ ಗೀರಿದ ಸದ್ದು ಕೇಳಿದರೆ ಸಾಕು, ಹಾಗೆಯೇ ಮಾಡುತ್ತಿತ್ತಂತೆ. ನಾವಿದ್ದಷ್ಟು ದಿನ ಅಡಿಗೆಯ ಹೊತ್ತಿಗೆ ಅತ್ತೆ ಅದನ್ನು ಎತ್ತಿಕೊಂಡು ಓಣಿಯ ತುದಿಯವರೆಗೆ ಹೋಗಿಬಿಡುತ್ತಿದ್ದಳು. ಆ ಮನೆಯ ಮೇಲೆ ವಿಮಾನಗಳು ಬಹಳ ತಗ್ಗಿನಲ್ಲಿ ಹಾರುತ್ತಿದ್ದವು. ನಾನು ಪ್ರತಿ ಸಲ ಹೊರಗೆ ಓಡಿ ನೋಡುತ್ತಿದ್ದೆ. ಅತ್ತೆ ಒಮ್ಮೆಯೂ ತಲೆಯೆತ್ತಲಿಲ್ಲ.

ಪುಷ್ಪಾಳ ಗಂಡ ಉಳಿದದ್ದೇನಾದರೂ ಇದ್ದರೆ ನೋಡಿ ಬರುತ್ತೇನೆಂದು ಚಳಿಗಾಲದಲ್ಲಿ ಕೊಲಂಬೊಗೆ ಹೋದ. ಆಗ ಅತ್ತೆ ತಾಯಿ ಮಗಳನ್ನು ಹುನಗುಂದಕ್ಕೆ ಕರೆತಂದಳು. ಯಾರನ್ನೂ ಕೇಳಲಿಲ್ಲ. ದವಾಖಾನೆಯ ಹಿಂದಿದ್ದ ಅವಳ ಚಿಕ್ಕ ಕ್ವಾರ್ಟರ್ಸಿನಲ್ಲಿ ಮೂವರೂ ಇದ್ದರು. ಸುದ್ದಿ ಇಳಕಲ್ಲಿಗೆ ಮುಟ್ಟಲು ಎಷ್ಟು ಹೊತ್ತು? ಅಪ್ಪ ಒಂದು ರವಿವಾರ ಬುಟ್ಟಿ ತುಂಬ ಪೇರಲ, ಬಾಳೆಹಣ್ಣು, ಪುಷ್ಪಾಳಿಗೊಂದು ಸೀರೆ, ಮಗುವಿಗೆ ಲಂಗ ಹಿಡಿದು ಹೊರಟ. ಬುಟ್ಟಿ ಹೊರಲು ನಾನು.

ದಾರಿಯುದ್ದಕ್ಕೂ ಅಪ್ಪ ಹೇಳುತ್ತಿದ್ದ: ಆ ಒಂದು ಕೋಣೆಯಲ್ಲಿ ಮೂವರು ಹೇಗಿರುತ್ತಾರೆ, ಇಳಕಲ್ಲಿನಲ್ಲಿ ನಮ್ಮ ಅಂಗಡಿಯ ಮೇಲಿನ ಖೋಲಿ ಖಾಲಿಯಿದೆ, ಸುಣ್ಣ ಹೊಡೆಸಿದರೆ ಆಯಿತು, ಆಮೇಲೆ ಪುಷ್ಪಾಳಿಗೆ ಬಾಗಲಕೋಟೆಯಲ್ಲಿ ಕೆಲಸ ಕೊಡಿಸಲು ಕಾಕಾನಿಗೆ ಹೇಳಿದರೆ ಆಯಿತು, ಮಗುವನ್ನು ಶಾಲೆಗೆ ಹಾಕಿದರೆ ಆಯಿತು. ಅವನ ಮುಖ ಹೊಳೆಯುತ್ತಿತ್ತು.

ಬಾಗಿಲು ಬಡಿದಾಗ ಅತ್ತೆ ಅರ್ಧ ತೆರೆದಳು. ಒಳಗಿನಿಂದ ಪುಷ್ಪಾ ಮಗುವಿಗೆ ಸ್ನಾನ ಮಾಡಿಸುವ ಸದ್ದು, ನೀರು, ನಗು.

"ನೀಲವ್ವಾ, ನಾ ಎಲ್ಲಾ ವಿಚಾರ ಮಾಡಿ ಬಂದೇನಿ" ಎಂದ ಅಪ್ಪ.

"ಇವತ್ತ ಪುರಸೊತ್ತಿಲ್ಲಣ್ಣ. ಮುಂದ ಬರೂಮುಂದ ಹೇಳಿ ಕಳಿಸಿ ಬಾ" ಎಂದಳು ಅತ್ತೆ. ದನಿ ತಣ್ಣಗಿತ್ತು. ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡು ಅಪ್ಪನ ಕಾಲ ಹತ್ತಿರ ಇಟ್ಟಳು. ನನ್ನ ರಟ್ಟೆ ಹಿಡಿದು, "ನೀ ಒಳಗ ಬಾ" ಎಂದು ಎಳೆದುಕೊಂಡು ಬಾಗಿಲು ಹಾಕಿದಳು. ಅಗುಳಿಯನ್ನೂ ಹಾಕಿದಳು.

ಕಿಟಕಿಯ ಸಂದಿಯಿಂದ ನೋಡಿದೆ. ಬಿಸಿಲು ನೆತ್ತಿಯ ಮೇಲಿತ್ತು. ಅಪ್ಪ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ. ಬಾಗಿಲನ್ನು ನೋಡಿದ, ಬುಟ್ಟಿಯನ್ನು ನೋಡಿದ, ಮತ್ತೆ ಬಾಗಿಲನ್ನು ನೋಡಿದ. ತಾನೇನು ಮಾಡಿದೆನೆಂದು ಅವನಿಗೆ ತಿಳಿಯಲೇ ಇಲ್ಲ, ಸಾಯುವವರೆಗೂ ತಿಳಿಯಲಿಲ್ಲ. ಬುಟ್ಟಿಯನ್ನು ತಾನೇ ತಲೆಯ ಮೇಲೆ ಹೊತ್ತುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ. ಇಳಕಲ್ಲಿನ ದೊಡ್ಡ ಸೀರೆ ವ್ಯಾಪಾರಿ ತಲೆಯ ಮೇಲೆ ಬುಟ್ಟಿ ಹೊತ್ತದ್ದನ್ನು ನಾನು ಅದೇ ಮೊದಲು, ಅದೇ ಕೊನೆ ನೋಡಿದ್ದು.

ನನಗೆ ಕನಿಕರ ಬರಬೇಕಾಗಿತ್ತು. ಬರಲಿಲ್ಲ. ಇವತ್ತಿಗೂ ಬಂದಿಲ್ಲ.